ಬಿಸಾಡೋ ಲೋಟ, ಬಳಿಯೋ ಕೈ

ಪರಿಸರದ ಬಗ್ಗೆ ಮಾತಾಡೋರು ಈಚೆಗೆ ನಮಗೆಲ್ಲ ಒಂದು ಪಾಠ ಹೇಳುತ್ತಿದ್ದಾರೆ. ಒಂದು ಸಲ ಕುಡಿದು ಬಿಸಾಡುವ ಲೋಟ ಬೇಡ, ಬಾಟಲಿ ಬೇಡ. ಹಿಂದಿನವರ ಹಾಗೆ ಮಣ್ಣಿನ ಕುಡಿಕೆ, ಎಲೆಯ ದೊನ್ನೆ, ತೆಂಗಿನ ಕರಟ ಬಳಸಿ. ಮಣ್ಣಿನಿಂದ ಬಂದದ್ದು ಮಣ್ಣಿಗೇ ಹೋಗಲಿ ಅಂತ. ಮಾತು ಚೆನ್ನಾಗಿದೆ. ಆದರೆ 'ಕರಟ' ಅನ್ನುವ ಆ ಒಂದು ಶಬ್ದ ಕಿವಿಗೆ ಬಿದ್ದ ಕೂಡಲೇ ನಮ್ಮ ಕೇರಿಯ ಮುದುಕರು ಯಾಕೆ ಸುಮ್ಮನಾಗಿಬಿಡುತ್ತಾರೆ ಅನ್ನೋದು ಈ ಪಾಠ ಹೇಳೋರಿಗೆ ಗೊತ್ತಿಲ್ಲ.

ನಾವು ಹೇಳ್ತೀವಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ — ಈ ನಾಲ್ಕು ತಾಲ್ಲೂಕುಗಳಲ್ಲಿ ಓಡಾಡಿಕೊಂಡಿರುವ ನಾವು, ನಮ್ಮ ಅಪ್ಪಂದಿರ ಬಾಯಲ್ಲಿ ಕೇಳಿದ್ದನ್ನೂ ನಮ್ಮ ಕಣ್ಣಲ್ಲಿ ಕಂಡದ್ದನ್ನೂ ಸೇರಿಸಿ ಹೇಳ್ತೀವಿ. ಚನ್ನರಾಯಪಟ್ಟಣದ ಕಡೆ ತೆಂಗು ಹೆಚ್ಚು. ತೆಂಗು ಇದ್ದ ಕಡೆ ಕರಟಕ್ಕೆ ಬರವಿಲ್ಲ. ಊರ ಮುಂದಿನ ಟೀ ಹೋಟ್ಲಿನ ಸೂರಿನ ಸಂದಿಯಲ್ಲಿ ನಾಕಾರು ಕರಟಗಳು ಸಿಕ್ಕಿಸಿರೋವು. ನಮ್ಮಪ್ಪ ಹೋಗಿ ಅದನ್ನ ತಗೊಂಡು, ತೊಳಕೊಂಡು, ಹೊರಗೇ ಕುಕ್ಕರುಗಾಲಲ್ಲಿ ಕೂತು ಹಿಡಿಯಬೇಕು. ಹೋಟ್ಲಿನವನು ಮೇಲಿಂದ ಹುಯ್ಯೋನು. ಬಿಸಿ ಟೀ ಕೈ ಮೇಲೆ ಸಿಡಿದರೆ 'ಸ್ವಲ್ಪ ತಗ್ಗಿಸಿ ಬುದ್ಧಿ' ಅನ್ನುವ ಹಾಗಿಲ್ಲ. ಕುಡಿದು, ತೊಳೆದು, ಅದೇ ಸಂದಿಗೆ ಸಿಕ್ಕಿಸಿ ಬರಬೇಕು. ಕಾಸು ಮಾತ್ರ ಎಲ್ಲರಷ್ಟೇ. ಆ ಕಾಸನ್ನೂ ನೆಲದ ಮೇಲೆ ಇಡಬೇಕು. ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಳ್ಳೋನು.

ಈಗಿನ ಪರಿಸರದ ಭಾಷೆಯಲ್ಲಿ ಆ ಕರಟಕ್ಕೆ ನೂರಕ್ಕೆ ನೂರು ಅಂಕ ಕೊಡಬೇಕು. ಮಣ್ಣಲ್ಲಿ ಕರಗುತ್ತೆ. ಫ್ಯಾಕ್ಟರಿ ಬೇಡ, ಕರೆಂಟು ಬೇಡ. ಮತ್ತೆ ಮತ್ತೆ ಬಳಸಬಹುದು. ಇಷ್ಟೆಲ್ಲ ಒಳ್ಳೆಯ ಗುಣ ಇದ್ದ ಆ ಪಾತ್ರೆ ನಮ್ಮ ಪಾಲಿಗೆ ಯಾಕೆ ಬೆಂಕಿಯ ಹಾಗಿತ್ತು? ಯಾಕೆಂದರೆ ಅದನ್ನು ಮಣ್ಣಿನ ಮೇಲಿನ ಪ್ರೀತಿಯಿಂದ ಯಾರೂ ಅಲ್ಲಿ ಇಟ್ಟಿರಲಿಲ್ಲ. ನಮ್ಮ ತುಟಿಯ ಮೇಲಿನ ಅಸಹ್ಯದಿಂದ ಇಟ್ಟಿದ್ದರು.

ಹಾಗಾಗಿ ನಾವು ಎತ್ತುವ ಪ್ರಶ್ನೆ ಇದು. ಒಂದು ಪಾತ್ರೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದನ್ನ ಅದು ಯಾವುದರಿಂದ ಆಗಿದೆ ಅನ್ನೋದರಿಂದ ಮಾತ್ರ ಹೇಳಲಿಕ್ಕಾಗುತ್ತಾ? ಅಥವಾ ಅದನ್ನು ಯಾರು ತೊಳೀತಾರೆ, ಯಾರು ಎತ್ತುತ್ತಾರೆ, ಯಾರು ಯಾರ ಎಂಜಲಿಗೆ ಹೆದರುತ್ತಾರೆ ಅನ್ನೋದನ್ನೂ ಕೇಳಬೇಕಾ?

1

ಕರಟ ಹೋಗಿ ಬೇರೆ ಲೋಟ ಬಂತು. ಅದೂ ಸೂರಿನ ಸಂದಿಯಲ್ಲೇ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 15ನೇ ವಿಧಿ ಅಂಗಡಿ, ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಕಾನೂನು, 1976ರಲ್ಲಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಅಂತ ಹೆಸರು ಪಡೆದದ್ದು, ಹೋಟೆಲಿನಲ್ಲಿ ಸಾರ್ವಜನಿಕರಿಗೆ ಇಟ್ಟಿರುವ ಪಾತ್ರೆಯನ್ನು ಬಳಸದಂತೆ ತಡೆಯುವುದೇ ಅಪರಾಧ ಅಂತ ಬರೆದುಬಿಟ್ಟಿತು. ಯೋಚನೆ ಮಾಡಿ. ಒಂದು ದೇಶ ತನ್ನ ಜನ ಒಂದೇ ಲೋಟದಲ್ಲಿ ಕುಡಿಯಬೇಕು ಅನ್ನೋದಕ್ಕೆ ಕಾನೂನು ಮಾಡಬೇಕಾಯಿತು. ಕಾನೂನು ದಿಲ್ಲಿಯಲ್ಲಿತ್ತು, ಲೋಟ ಸೂರಿನ ಸಂದಿಯಲ್ಲಿತ್ತು. ಎರಡಕ್ಕೂ ಭೇಟಿ ಮಾಡಿಸಿದ್ದು ಎಪ್ಪತ್ತು ಎಂಬತ್ತರ ದಶಕಗಳ ಚಳುವಳಿ. ದಲಿತ ಸಂಘರ್ಷ ಸಮಿತಿಯ ಹುಡುಗರು ಹೋಟ್ಲುಗಳ ಒಳಕ್ಕೆ ನುಗ್ಗಿ ಬೆಂಚಿನ ಮೇಲೆ ಕೂತರು. ಏಟು ತಿಂದರು. ಬಹಿಷ್ಕಾರ ಹಾಕಿಸಿಕೊಂಡರು. ಕೂಲಿ ಕಳಕೊಂಡರು.

ಆಮೇಲೆ ಒಂದು ದಿನ ಯಾರೂ ಕೇಳದೆ ಒಂದು ವಸ್ತು ಬಂತು. ತೆಳ್ಳನೆ ಪ್ಲಾಸ್ಟಿಕ್ ಲೋಟ. ಅದರ ಹಿಂದೆ ಕಾಗದದ ಲೋಟ. ಕುಡಿ, ಮುದುರು, ಬಿಸಾಡು.

ನಿಜ ಹೇಳಬೇಕು. ಅದು ಬಂದಾಗ ನಮ್ಮಲ್ಲಿ ಬಹಳ ಜನಕ್ಕೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಮ್ಮ ಜೊತೆಯ ಹಿರಿಯರೊಬ್ಬರು ಹೇಳಿದ ಮಾತು ಇದು: "ನಾನು ಕುಡಿದ ಲೋಟಾನ ನಾನೇ ತೊಳೆಯೋದು ತಪ್ಪಿತಲ್ಲಪ್ಪ, ಅಷ್ಟು ಸಾಕು. ನೀವೇನು ಬೇಕಾದ್ರೂ ಹೇಳ್ಕಳಿ, ಆ ಕಾಗದದ ಲೋಟ ನಂಗೆ ಮರ್ಯಾದೆ ತಂದುಕೊಡ್ತು." ಈ ಮಾತನ್ನು ನಾವು ತಳ್ಳಿಹಾಕೋ ಹಾಗಿಲ್ಲ. ಬಿಸಾಡುವ ಲೋಟದ ವಿರುದ್ಧ ಭಾಷಣ ಮಾಡೋ ಮೊದಲು ಈ ಮಾತಿಗೆ ಉತ್ತರ ಕೊಡಬೇಕು.

ಆದರೆ ಲೋಟದ ಇನ್ನೊಂದು ಮಗ್ಗುಲು ನೋಡಿ. ನಮ್ಮ ಕಡೆಯ ಒಂದು ಊರು, ಹೆಸರು ಬೇಡ. ಹೋಟ್ಲಿನಲ್ಲಿ ಊರಿನವರಿಗೆ ಸ್ಟೀಲು ಲೋಟ. ನಾವು ಹೋದರೆ, ಕೇಳದೇನೆ, ಕಾಗದದ ಲೋಟ. "ಯಾಕಣ್ಣ, ನಮಗೆ ಅದು ಕೊಡಿ" ಅಂದೆವು. "ಅಯ್ಯೋ, ನಿಮಗೆ ಹೊಸಾದು ಕೊಟ್ಟಿದ್ದೀನಿ ಕಣ್ರಪ್ಪ, ಯಾರೂ ಬಾಯಿ ಹಾಕದೇ ಇರೋದು. ಅದಕ್ಕಿಂತ ಇದೇ ಕ್ಲೀನು" ಅಂದ. ಎಷ್ಟು ಮೆತ್ತಗಿನ ಮಾತು! ಕರಟ ಕೊಟ್ಟೋನ ಮೇಲೆ ಕೇಸು ಹಾಕಬಹುದಿತ್ತು. ಈ ಮಾತಿನ ಮೇಲೆ ಯಾವ ಠಾಣೆಯಲ್ಲಿ ಕೇಸು ಹಾಕೋಣ? 2020ರ ಕೊರೋನಾ ಕಾಲ ಬಂದ ಮೇಲಂತೂ ಇಂಥ ಮಾತಿಗೆ ಇನ್ನೊಂದು ನೆಪ ಸಿಕ್ಕಿತು.

ಬೇರೆ ಲೋಟ ಇಡೋದು ಹಳೇ ಪದ್ಧತಿ. ಒಬ್ಬೊಬ್ಬನಿಗೂ ಒಂದೊಂದು ಬೇರೆ ಲೋಟ ಕೊಟ್ಟು ಬಿಸಾಡಿಸೋದು ಹೊಸ ಪದ್ಧತಿ. ಮೊದಲನೆಯದರಲ್ಲಿ ಜಾತಿ ಕಣ್ಣಿಗೆ ಕಾಣುತ್ತಿತ್ತು. ಎರಡನೆಯದರಲ್ಲಿ ಕಸದ ಬುಟ್ಟಿಯಲ್ಲಿ ಮುಚ್ಚಿಹೋಗುತ್ತೆ. ನಾವೆಲ್ಲ ಒಂದಾಗಿದ್ದರಿಂದ ಬೇರೆ ಲೋಟ ಹೋಗಲಿಲ್ಲ. ಎಲ್ಲರೂ ಎಲ್ಲರಿಂದ ಬೇರೆಯಾದದ್ದರಿಂದ ಹೋಯಿತು. ಇದನ್ನು ಸಮಾನತೆ ಅಂತ ಕರೆಯೋದಾದರೆ ಅದು ಬಲು ಅಗ್ಗದ ಸಮಾನತೆ.

ಜಾತಿ ಹೋಯಿತು, ಈಗೆಲ್ಲಿದೆ ಸ್ವಾಮಿ ಅನ್ನೋರಿಗೆ ಮೂರು ಊರಿನ ಹೆಸರು ಹೇಳಿ ಮುಂದೆ ಹೋಗ್ತೀವಿ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನದೊಳಕ್ಕೆ ಹೋದದ್ದಕ್ಕೆ ದಂಡ ಹಾಕಿದರು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಊರ ದೇವಸ್ಥಾನಗಳ ಹೊಸಲು ದಾಟಿದ್ದು 2021ರಲ್ಲಿ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು ಅಂತ ತೊಂಬೆಯ ನೀರನ್ನೆಲ್ಲ ಹೊರಕ್ಕೆ ಬಿಟ್ಟು ಗಂಜಲ ಹಾಕಿ ತೊಳೆದರು. ಬಿಸಾಡೋದಕ್ಕೆ ಲೋಟವೇ ಆಗಬೇಕಾಗಿಲ್ಲ. ಒಂದು ತೊಂಬೆ ನೀರನ್ನೂ ಬಿಸಾಡಬಹುದು.

2

ಈಗ ಕಂಪನಿಗಳ ಕಡೆ ಬರೋಣ. ಮಡಿಯವರು ಕಲಿಸಿದ್ದನ್ನು ಬಂಡವಾಳಶಾಹಿ ಹೇಗೆ ಲಾಭಕ್ಕೆ ತಿರುಗಿಸಿತು ಅನ್ನೋದನ್ನ ನೋಡಬೇಕು.

ನಮ್ಮ ಎಳವೆಯಲ್ಲಿ ಗೋಲಿ ಸೋಡ ಇತ್ತು. ಕುತ್ತಿಗೆಯಲ್ಲಿ ಗಾಜಿನ ಗೋಲಿ ಇಟ್ಟ ಆ ಬಾಟಲಿಯನ್ನು ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1870ರ ದಶಕದಲ್ಲಿ ಕಂಡುಹಿಡಿದ. ಕುಡಿದು ಬಾಟಲಿ ಅಲ್ಲೇ ಕೊಟ್ಟು ಬರಬೇಕು. ತಂಪು ಪಾನೀಯದ ಕಂಪನಿಗಳದ್ದೂ ಹಾಗೇ. 1977ರಲ್ಲಿ ಕೋಕಾ ಕೋಲಾ ಇಂಡಿಯಾ ಬಿಟ್ಟು ಹೋದಾಗಲೂ ಗಾಜಿನ ಬಾಟಲಿ, ಅದರ ಜಾಗಕ್ಕೆ ಬಂದ ಥಮ್ಸ್ ಅಪ್ಪಿಗೂ ಗಾಜಿನ ಬಾಟಲಿ. ಮನೆಗೆ ತಗೊಂಡು ಹೋಗಬೇಕಾದರೆ ಡೆಪಾಸಿಟ್ಟು ಇಡಬೇಕು. ಖಾಲಿ ಬಾಟಲಿ ಕ್ರೇಟಿನಲ್ಲಿ ಕೂತು ಲಾರಿ ಹತ್ತಿ ಫ್ಯಾಕ್ಟರಿಗೆ ವಾಪಸ್ಸು ಹೋಗಿ, ಬಿಸಿನೀರಿನಲ್ಲಿ ತೊಳೆಸಿಕೊಂಡು ಮತ್ತೆ ಬರೋದು.

ಆ ಬಾಟಲಿಯೊಳಗೆ ಒಂದು ದೊಡ್ಡ ಸತ್ಯ ಇತ್ತು. ಅದನ್ನು ನಾವು ಆಗ ಗಮನಿಸಲಿಲ್ಲ. ನಮ್ಮ ಜೊತೆ ಒಂದೇ ಲೋಟದಲ್ಲಿ ಟೀ ಕುಡಿಯಲಾರದ ಗೌಡರು, ಅಯ್ನೋರು, ಪೇಟೆಗೆ ಬಂದರೆ ಅದೇ ಬಾಟಲಿಗೆ ಬಾಯಿ ಹಾಕಿ ಕುಡಿಯೋರು. ಆ ಬಾಟಲಿಗೆ ಹಿಂದಿನ ವಾರ ಯಾರು ಬಾಯಿ ಹಾಕಿದ್ದರು? ಗೊತ್ತಿಲ್ಲ. ಯಾವ ಜಾತಿಯವನು ತೊಳೆದ? ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಮೈಲಿಗೆ ಇಲ್ಲ! ಹಾಗಾದರೆ ಮೈಲಿಗೆ ಎಂಜಲಿನಲ್ಲಿ ಇಲ್ಲ, ಕೊಳೆಯಲ್ಲಿ ಇಲ್ಲ, ಕ್ರಿಮಿಯಲ್ಲಿ ಇಲ್ಲ. ನೋಡುವ ಕಣ್ಣಿನಲ್ಲಿದೆ. ಕೆರೆಯ ನೀರು ಮುಟ್ಟಲಿಕ್ಕೆ 1927ರಲ್ಲಿ ಬಾಬಾಸಾಹೇಬರು ಮಹಾಡಿನಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಬಾಲಕ ಅಂಬೇಡ್ಕರರಿಗೆ ಶಾಲೆಯಲ್ಲಿ ಜವಾನ ಬಂದು ಹುಯ್ದರೆ ಮಾತ್ರ ನೀರು, ಜವಾನ ರಜೆ ಹಾಕಿದರೆ ಬಾಯಾರಿಕೆ. ನೀರು ಕೆಡುತ್ತೆ ಅನ್ನೋದೇ ಕಾರಣವಾಗಿದ್ದರೆ ಅದೇ ಕೆರೆಗೆ ದನ ಹೇಗೆ ಇಳಿಯುತ್ತಿದ್ದವು?

ಕೋಕಾ ಕೋಲಾ 1993ರಲ್ಲಿ ವಾಪಸ್ಸು ಬಂತು. ಆಮೇಲೆ ನೋಡನೋಡುತ್ತಿದ್ದಂತೆ ಪೆಟ್ ಬಾಟಲಿ ಬಂತು. ಗಾಜಿನ ಬಾಟಲಿ ಪೂರ್ತಿ ಹೋಗದಿದ್ದರೂ ಮೂಲೆ ಸೇರಿತು. ಪ್ಲಾಸ್ಟಿಕ್ಕಿನದು ಹಗುರ, ಒಡೆಯೋದಿಲ್ಲ ಅಂದರು. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಗಾಜಿನ ಬಾಟಲಿ ಕಂಪನಿಯ ಆಸ್ತಿ. ಅದನ್ನು ವಾಪಸ್ಸು ತರೋದು ಕಂಪನಿಯ ಖರ್ಚು, ತೊಳೆಯೋದು ಕಂಪನಿಯ ಖರ್ಚು. ಪೆಟ್ ಬಾಟಲಿ ಹಾಗಲ್ಲ. ಮಾರಿದ ಗಳಿಗೆಯಿಂದ ಅದು ಯಾರ ಆಸ್ತಿಯೂ ಅಲ್ಲ. ಕುಡಿದವನು ಬಿಸಾಡ್ತಾನೆ. ಚರಂಡಿ ಕಟ್ಟಿಕೊಂಡರೆ ಪುರಸಭೆಗೆ ಸೇರಿದ್ದು, ಪಂಚಾಯ್ತಿಗೆ ಸೇರಿದ್ದು. ಲಾಭ ಕಂಪನಿಗೆ, ಕಸ ಊರಿಗೆ. ಊರು ಆ ಕಸವನ್ನ ಯಾರ ತಲೆ ಮೇಲೆ ಹಾಕುತ್ತೆ? ಅದನ್ನ ಈ ಪತ್ರಿಕೆ ಓದೋರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಗಮನಿಸಿ. ಪಾನೀಯ, ನೀರಿನ ಜಾಹೀರಾತುಗಳಲ್ಲಿ ಹೆಮ್ಮೆಯಿಂದ ಹೇಳುವ ಮಾತು: ಮನುಷ್ಯರ ಕೈ ಸೋಕದೆ ತಯಾರಾದದ್ದು. ಇದು ನಮಗೆ ಹೊಸ ಮಾತಲ್ಲ, ಸಾವಿರಾರು ವರ್ಷದಿಂದ ಕೇಳಿಕೊಂಡು ಬಂದ ಮಾತು. ಮುಟ್ಟದೇ ಇರೋದು ಶುದ್ಧ. ತುಂಬುವಾಗ ಯಾವ ಕೈಯೂ ಸೋಕದ ಆ ಬಾಟಲಿಯನ್ನು ಕಡೆಗೆ ಚರಂಡಿಯಿಂದ ಎತ್ತೋದು ಮಾತ್ರ ಬರಿಗೈ. ಆ ಕೈಗೆ ಗ್ಲೌಸೂ ಇರೋದಿಲ್ಲ.

3

ಹೆಂಡದ ಕತೆ ಬೇರೆಯೇ ಇದೆ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅಲ್ಲೀತನಕ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ನಮ್ಮ ಕೇರಿಯ ಓಣಿಗಳಲ್ಲಿ ಆ ಪ್ಯಾಕೆಟ್ಟುಗಳು ತರಗೆಲೆಯ ಹಾಗೆ ಬಿದ್ದಿರೋವು. ಸಾರಾಯಿ ಹೋಯಿತು, ಅದರ ಜಾಗಕ್ಕೆ 90 ಮಿಲಿಲೀಟರಿನ ವಿಸ್ಕಿಯ ಡಬ್ಬ ಬಂತು. ಟೆಟ್ರಾ ಪ್ಯಾಕು. ನೋಡೋದಕ್ಕೆ ಮಕ್ಕಳ ಜ್ಯೂಸಿನ ಡಬ್ಬದ ಹಾಗೇ. ಈ ಡಬ್ಬ ಕಾಗದದ್ದು ಅಂತ ನಾವು ತಿಳಕೊಂಡಿದ್ದೀವಿ. ಅದು ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರನ್ನೂ ಪದರ ಪದರವಾಗಿ ಅಂಟಿಸಿದ್ದು. ಬಿಡಿಸೋದಕ್ಕೆ ಬೇರೆ ಯಂತ್ರವೇ ಬೇಕು. ಹಳ್ಳಿಯ ಗುಜರಿಯವನು ಅದನ್ನು ಮೂಸಿ ನೋಡೋದಿಲ್ಲ. ಹಾಗಾಗಿ ಬದುವಿನಲ್ಲಿ, ನಾಲೆಯ ಏರಿಯ ಮೇಲೆ, ಶಾಲೆಯ ಹಿಂದುಗಡೆ ಬಿದ್ದಿರುತ್ತೆ. ಗಾಜಿನ ಬಾಟಲಿಯದು ಇನ್ನೂ ಘೋರ. ಕುಡಿದವರು ಗದ್ದೆಗೆ ಎಸೆದು ಹೋಗ್ತಾರೆ. ನಾಟಿಗೆ ಇಳಿದ ನಮ್ಮ ಹೆಣ್ಣಾಳುಗಳ ಬರಿಗಾಲು ಸೀಳುತ್ತೆ. ಕುಡಿದವನ ಅಮಲು ಇಳಿದಿರುತ್ತೆ, ಅವಳ ಗಾಯ ಮಾಗಿರೋದಿಲ್ಲ.

ನಮ್ಮ ರಾಜ್ಯದಲ್ಲಿ ಮಾರಾಟವಾಗುವ ಮದ್ಯವನ್ನೆಲ್ಲ ಸಗಟಾಗಿ ಹಂಚೋದು ಸರ್ಕಾರದ್ದೇ ಸಂಸ್ಥೆ, 2003ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಪಾನೀಯ ನಿಗಮ. ಎಷ್ಟು ಪೆಟ್ಟಿಗೆ ಹೊರಗೆ ಹೋಯಿತು ಅನ್ನೋ ಲೆಕ್ಕ ಅದರ ಪುಸ್ತಕದಲ್ಲಿ ಇರುತ್ತೆ. ತೆರಿಗೆಯ ಪೈಸೆ ಪೈಸೆಗೂ ಲೆಕ್ಕ ಇದೆ. ಖಾಲಿ ಬಾಟಲಿ ಎಲ್ಲಿ ಹೋಯಿತು ಅನ್ನೋದಕ್ಕೆ ಮಾತ್ರ ಲೆಕ್ಕ ಯಾಕಿಲ್ಲ? ಪಕ್ಕದ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟು ಕಿವಿ ಹಿಂಡಿದ ಮೇಲೆ 2022ರಲ್ಲಿ ನೀಲಗಿರಿ ಜಿಲ್ಲೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತಗೋಳೋದು, ಖಾಲಿ ಬಾಟಲಿ ತಂದುಕೊಟ್ಟರೆ 10 ರೂಪಾಯಿ ವಾಪಸ್ಸು. ಜರ್ಮನಿಯಲ್ಲಿ 2003ರಿಂದ ಒಂದು ಸಲ ಬಳಸುವ ಬಾಟಲಿ, ಡಬ್ಬಗಳ ಮೇಲೂ ಡೆಪಾಸಿಟ್ಟು ಇದೆ, 25 ಸೆಂಟು. ಇದೇನು ದೊಡ್ಡ ವಿಜ್ಞಾನ ಅಲ್ಲ. ನಮ್ಮ ಗೋಲಿ ಸೋಡದ ಅಂಗಡಿಯವನಿಗೆ ಗೊತ್ತಿದ್ದ ವಿಷಯ. ಕಸಕ್ಕೆ ಬೆಲೆ ಕಟ್ಟಿದರೆ ಅದು ಕಸ ಆಗೋದಿಲ್ಲ.

ಹಾಲಿನದೂ ಹೇಳಿಬಿಡೋಣ. ಹಾಸನ, ಕೊಡಗು, ಚಿಕ್ಕಮಗಳೂರು ಮೂರೂ ಜಿಲ್ಲೆ ಸೇರಿದ ನಮ್ಮ ಹಾಲು ಒಕ್ಕೂಟ ರೈತರದ್ದು, ಸಹಕಾರದ್ದು. ಊರೂರಿನ ಡೈರಿಯ ಕ್ಯಾನಿನಲ್ಲಿ ಎಲ್ಲ ಜಾತಿಯವರ ಹಾಲೂ ಬೆರೆಯುತ್ತೆ. ಬೆರೆತ ಮೇಲೆ ಯಾವುದು ಯಾರ ಹಸುವಿನದು ಅಂತ ಯಾರಪ್ಪನೂ ಹೇಳಲಾರ. ಇದು ನಮಗೆ ಬಹಳ ಇಷ್ಟವಾದ ಸಂಗತಿ. ಆದರೆ ಆ ಹಾಲು ಹೊರಗೆ ಬರೋದು ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ. ಹಾಸನದ ಡೈರಿಯಲ್ಲಿ ಸುವಾಸನೆ ಹಾಲನ್ನು ಪೆಟ್ ಬಾಟಲಿಗೆ ತುಂಬುವ ಯಂತ್ರವೂ ಬಂದು ಕೂತಿದೆ. ಖಾಸಗಿ ಕಂಪನಿಯನ್ನು ಬೈಯೋದು ಸುಲಭ. ಇದು ನಮ್ಮದೇ ಸಂಸ್ಥೆ. ಹಾಲು ಹಾಕುವ ಸದಸ್ಯರಾದ ನಾವು ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು "ಖಾಲಿ ಬಾಟಲಿ ವಾಪಸ್ಸು ತಗೋಳೋ ಏರ್ಪಾಟು ಏನು?" ಅಂತ ಕೇಳಬಹುದು. ಬೋನಸ್ಸು, ಪಶು ಆಹಾರ ಬಿಟ್ಟು ಬೇರೆ ಕೇಳೋ ಅಭ್ಯಾಸ ನಮಗೂ ಆಗಬೇಕು.

4

"ಇದೆಲ್ಲಾ ಮರುಬಳಕೆ ಆಗುತ್ತೆ ಬಿಡ್ರೀ" ಅಂತ ಪೇಟೆಯ ವಿದ್ಯಾವಂತರು ಹೇಳ್ತಾರೆ. ಆಗುತ್ತಾ? ಯಾರಿಂದ ಆಗುತ್ತೆ?

ಪೆಟ್ ಬಾಟಲಿ ಮರುಬಳಕೆ ಆಗೋದು ನಿಜ. ಹೆಕ್ಕಿ, ಮುಚ್ಚಳ ಲೇಬಲ್ಲು ಕಿತ್ತು, ಬಣ್ಣ ಬಣ್ಣ ಬೇರೆ ಮಾಡಿ, ತುಳಿದು ಚಪ್ಪಟೆ ಮಾಡಿ, ಗುಜರಿಗೆ ಹಾಕಬೇಕು. ಅಲ್ಲಿಂದ ದೊಡ್ಡ ಗುಜರಿ, ಅಲ್ಲಿಂದ ಫ್ಯಾಕ್ಟರಿ. ಅಲ್ಲಿ ಚೂರು ಮಾಡಿ ತೊಳೆದು ಕರಗಿಸಿ ಬಹುಪಾಲನ್ನು ಪಾಲಿಯೆಸ್ಟರ್ ನೂಲು ಮಾಡ್ತಾರೆ. ಒಂದು ಸಲ ಬಟ್ಟೆ ಆದದ್ದು ಸಾಮಾನ್ಯವಾಗಿ ಮತ್ತೆ ಬಾಟಲಿ ಆಗೋದಿಲ್ಲ. ಈ ಸರಪಳಿಯ ಮೊದಲನೇ ಕೊಂಡಿ ಯಾರು? ಬೆಳಕು ಹರಿಯೋ ಮೊದಲು ಚೀಲ ಹೆಗಲಿಗೆ ಹಾಕಿ ಹೊರಡುವ ಚಿಂದಿ ಆಯೋ ಹೆಂಗಸು, ಅವಳ ಹಿಂದೆ ಶಾಲೆ ತಪ್ಪಿಸಿಕೊಂಡು ಹೋಗುವ ಮಗು. ಅತೀ ಕಷ್ಟದ ಕೆಲಸ ಅವಳದ್ದು, ಅತೀ ಕಡಿಮೆ ಕಾಸೂ ಅವಳದ್ದೇ.

2022ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಪ್ಲಾಸ್ಟಿಕ್ಕಿನಲ್ಲಿ ತುಂಬಿ ಮಾರುವ ಕಂಪನಿಯೇ ಅದನ್ನು ವಾಪಸ್ಸು ಪಡೆಯುವ ಹೊಣೆ ಹೊರಬೇಕು, ಗಟ್ಟಿ ಬಾಟಲಿ ಡಬ್ಬಗಳಲ್ಲಿ 2025-26ರಿಂದ ಶೇಕಡ 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕು, ಅದು ವರ್ಷ ವರ್ಷ ಏರಿ 2028-29ಕ್ಕೆ ಶೇಕಡ 60 ಆಗಬೇಕು ಅಂತ ಗುರಿ ಬರೆಯಿತು. ಕೇಳೋದಕ್ಕೆ ಚೆನ್ನ. ಆದರೆ ಕಂಪನಿ ತಾನೇ ಬಂದು ಹೆಕ್ಕಬೇಕಾಗಿಲ್ಲ. ಮರುಬಳಕೆ ಮಾಡಿದವರಿಂದ ಪ್ರಮಾಣಪತ್ರ ಕೊಂಡರೆ ಸಾಕು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬೆರಳೆಣಿಕೆಯ ಘಟಕಗಳನ್ನು ತಪಾಸಣೆ ಮಾಡಿದ್ದಕ್ಕೇ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಪತ್ತೆಯಾದವು. ಪಾಪ ಮಾಡಿದೋನು ಪುರೋಹಿತನಿಗೆ ದಕ್ಷಿಣೆ ಕೊಟ್ಟು ಪುಣ್ಯ ಕೊಳ್ಳೋದು ನಮ್ಮ ದೇಶಕ್ಕೆ ಹೊಸದೇನಲ್ಲ.

ಅದೇ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ತಟ್ಟೆ, ಸ್ಟ್ರಾ, ಚಮಚ ನಿಷೇಧವಾದವು. ನಮ್ಮ ರಾಜ್ಯ 2016ರಲ್ಲೇ ಇಂಥ ನಿಷೇಧ ಹೇರಿತ್ತು. ಪಟ್ಟಿ ನೋಡಿ. ಪಾನಿಪೂರಿಯವನ ತಟ್ಟೆ ಇದೆ, ಎಳನೀರಿನವನ ಸ್ಟ್ರಾ ಇದೆ. ದೊಡ್ಡ ಕಂಪನಿಯ ನೀರಿನ ಬಾಟಲಿ ಇಲ್ಲ. ದಂಡ ಹಾಕಿಸಿಕೊಳ್ಳೋನು ತಳ್ಳುಗಾಡಿಯವನು. ಅವನು ಕಾಗದದ ಲೋಟಕ್ಕೆ ಬದಲಾಯಿಸಿದ. ಆ ಕಾಗದದ ಒಳಗೂ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುತ್ತೆ, ಇಲ್ಲದಿದ್ದರೆ ಟೀ ಸೋರಿಹೋಗುತ್ತೆ. ಖರಗಪುರದ ಐಐಟಿಯವರು 2020ರಲ್ಲಿ ಹೇಳಿದ್ದು: ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಅದಕ್ಕೆ ಬಿಡುತ್ತೆ. ಪಕ್ಕದವನ ಎಂಜಲಿಗೆ ಹೆದರಿ ನಾವು ಪ್ಲಾಸ್ಟಿಕ್ಕು ಕುಡೀತಿದ್ದೀವಿ.

ಒಂದು ವಿಚಿತ್ರ ನೋಡಿ. ಚರಂಡಿಯಲ್ಲಿ ಬಿದ್ದ ಬಾಟಲಿಯನ್ನು ನಮ್ಮವಳು ಎತ್ತುತ್ತಾಳೆ. ಅದು ಕರಗಿ ಹೊಸ ಬಾಟಲಿಯಾಗಿ ಅಗ್ರಹಾರದ ಮನೆಯ ಊಟದ ಮೇಜಿನ ಮೇಲೆ ಹೋಗಿ ಕೂರಬಹುದು. ಯಾರೂ ಮೈಲಿಗೆ ಅನ್ನೋದಿಲ್ಲ. ಬಾಟಲಿಗೆ ಈ ಜನ್ಮದಲ್ಲೇ ಬಿಡುಗಡೆ ಸಿಗುತ್ತೆ. ಅದನ್ನು ಎತ್ತಿದವಳಿಗೆ ಸಿಗೋದಿಲ್ಲ. ಅವಳ ಮಗಳೂ ಚೀಲ ಹಿಡಿದುಕೊಂಡೇ ಹೊರಡ್ತಾಳೆ. ಜಾತಿಯೆಂದರೆ ಕೆಲಸದ ವಿಭಜನೆ ಅಲ್ಲ, ಕೆಲಸಗಾರರ ವಿಭಜನೆ ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟಿದ್ದರು. ಅದರ ಅರ್ಥ ತಿಳಿಯಬೇಕಾದರೆ ಯಾವುದಾದರೂ ಪೇಟೆಯ ಕಸ ಸುರಿಯೋ ಜಾಗಕ್ಕೆ ಹೋಗಿ ಅರ್ಧ ಗಂಟೆ ನಿಂತರೆ ಸಾಕು.

5

ಈಗ ನಮ್ಮ ಕಡೆಗೇ ಬೆರಳು ತಿರುಗಿಸಿಕೊಳ್ತೀವಿ. ಇದನ್ನು ಹೇಳದೆ ಹೋದರೆ ಮೇಲೆ ಬರೆದದ್ದೆಲ್ಲ ಸೋಗಲಾಡಿತನ ಆಗುತ್ತೆ.

ಒಂದು ವರ್ಷ ಏಪ್ರಿಲ್ 14ರಂದು ನಾವು ಜಯಂತಿ ಮಾಡಿದೆವು. ಮೆರವಣಿಗೆ, ಡೊಳ್ಳು, ತಮಟೆ, ನೀಲಿ ಬಾವುಟ. ಬಿಸಿಲು ಕಡುವಾಗಿತ್ತು. ನಡೆಯೋರಿಗೆ ಅಂತ ಮಜ್ಜಿಗೆ, ಪಾನಕ ಕಾಗದದ ಲೋಟದಲ್ಲಿ, ನೀರು ಸಣ್ಣ ಬಾಟಲಿಯಲ್ಲಿ, ಕೇಸುಗಟ್ಟಲೆ. ಕುಡಿದೆವು, ಎಸೆದೆವು, ಘೋಷಣೆ ಕೂಗುತ್ತಾ ಮುಂದೆ ಹೋದೆವು. ಮಾರನೇ ದಿನ ಬೆಳಗ್ಗೆ ಪೆಂಡಾಲು ಬಿಚ್ಚಿಸೋದಕ್ಕೆ ಅಂತ ಹೋದಾಗ ಪೌರಕಾರ್ಮಿಕ ತಾಯಿಯೊಬ್ಬಳು ಗುಡಿಸುತ್ತಿದ್ದಳು. ನಮ್ಮ ಕೇರಿಯವಳೇ. ಹಿಂದಿನ ದಿನ ನಮ್ಮ ಜೊತೆ ಮೆರವಣಿಗೆಯಲ್ಲಿ ನಡೆದಿದ್ದವಳು. ಪೊರಕೆ ನಿಲ್ಲಿಸಿ ನಮ್ಮನ್ನು ನೋಡಿದಳು.

"ಏನವ್ವ, ಇಷ್ಟೊತ್ತಿಗೇ ಬಂದಿದ್ದೀಯ?" ಅಂದೆವು.

"ಬರದೆ ಇನ್ನೇನಪ್ಪ ಮಾಡ್ಲಿ. ಗಣಪತಿ ಹಬ್ಬಕ್ಕೆ ಅವರ ಕಸ ಬಳಿದೆ. ಹಾಸನಾಂಬೆ ಜಾತ್ರೇಲಿ ಎಲ್ಲರ ಕಸ ಬಳಿದೆ. ಬಾಬಾಸಾಹೇಬ್ರ ಹಬ್ಬದಲ್ಲೂ ನಾನೇ ಬಳೀಬೇಕಲ್ಲ ಅಂತ ರಾತ್ರಿಯೆಲ್ಲಾ ಯೋಚನೆ ಬಂತು" ಅಂದಳು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಾವು ಪೊರಕೆ ಕೇಳಿದೆವು. "ಬೇಡ ಬಿಡಪ್ಪ, ಮೇಸ್ತ್ರಿ ನೋಡಿದ್ರೆ ಹಾಜರಿ ತೆಗೀತಾನೆ" ಅಂದಳು. ಸಾವಿರ ಜನ ಸೇರಿ ಕೂಗಿದ ಘೋಷಣೆ ಅವಳ ಒಂದು ಮಾತಿನ ಮುಂದೆ ಮುದುರಿದ ಲೋಟದ ಹಾಗಾಯಿತು.

ಪೌರಕಾರ್ಮಿಕರ ಬದುಕಿನ ಬಗ್ಗೆ ಐ.ಪಿ.ಡಿ. ಸಾಲಪ್ಪನವರ ಸಮಿತಿ ವರದಿ ಕೊಟ್ಟದ್ದು 1976ರಲ್ಲಿ. ಅದಕ್ಕೂ ಮೊದಲೇ, ಎಪ್ಪತ್ತರ ದಶಕದ ಆದಿಯಲ್ಲಿ, ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟರು. ಅಷ್ಟು ವರ್ಷದ ಮೇಲೂ ಕಾಯಂ ನೌಕರಿಗಾಗಿ ಪೌರಕಾರ್ಮಿಕರು 2022ರಲ್ಲಿ ಬೀದಿಗೆ ಇಳಿಯಬೇಕಾಯಿತು. ಅವರ ಪರವಾಗಿ ನಾವು ಭಾಷಣ ಮಾಡಿದ್ದೀವಿ. ಅವರಿಗೆ ಕಸ ಮಾಡಿಯೂ ಹಾಕಿದ್ದೀವಿ.

ಇನ್ನೊಂದು ಪ್ರಸಂಗ ಶಾಲೆಯದು. ನಮ್ಮ ಜೊತೆಯವರೊಬ್ಬರು ಮೇಷ್ಟ್ರು. ಅವರು ಹೊಸದಾಗಿ ಹೋದ ಶಾಲೆಯಲ್ಲಿ ಆಗಸ್ಟ್ 15ರಂದು ಧ್ವಜ ಹಾರಿಸಿ ಮಕ್ಕಳಿಗೆಲ್ಲ ಜ್ಯೂಸಿನ ಡಬ್ಬ ಹಂಚಿದರು. ಯಾರೋ ಊರಿನ ದೊಡ್ಡವರು ಕೊಡಿಸಿದ್ದು. ಆಮೇಲೆ ಡಬ್ಬ ಹೆಕ್ಕೋದಕ್ಕೆ ಅಂತ ಅಲ್ಲಿನ ಹಳೇ ಮೇಷ್ಟ್ರೊಬ್ಬರು ನಾಲ್ಕು ಹೆಸರು ಕೂಗಿದರು. ನಾಲ್ಕೂ ಕಾಲೋನಿ ಮಕ್ಕಳದ್ದೇ. "ಯಾಕೆ ಸಾರ್ ಇವರೇ?" ಅಂದರೆ "ಅವರಿಗೆ ಅಭ್ಯಾಸ ಇದೆ ಬಿಡಿ, ಬೇಗ ಮುಗಿಸ್ತಾರೆ" ಅಂದರಂತೆ. ಕೆಟ್ಟತನದಿಂದ ಹೇಳಿದ್ದಲ್ಲ. ಅದೇ ಭಯಂಕರ.

ನಮ್ಮ ಮೇಷ್ಟ್ರು ಅವತ್ತು ಸುಮ್ಮನಿದ್ದರು. ಮುಂದಿನ ವಾರದಿಂದ ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕೆ ಐದು ಮಕ್ಕಳ ಸರದಿ ಹಾಕಿದರು, ಆರನೆಯವರು ತಾವೇ ಆದರು. ಮೂರನೇ ದಿನ ಒಬ್ಬರು ಬಂದರು. "ನಮ್ಮ ಹುಡುಗ ಎಂಜಲು ಎತ್ತಬೇಕಾ ಮೇಷ್ಟ್ರೇ?" ಮೇಷ್ಟ್ರು ಹೇಳಿದ್ದು: "ಎಲ್ಲರೂ ಕುಡಿದದ್ದನ್ನ ಎಲ್ಲರೂ ಎತ್ತಿದರೆ ಅದು ಎಂಜಲು ಹೇಗಾಗುತ್ತೆ ಗೌಡ್ರೇ? ನಾಲ್ಕೇ ಜನ ಎತ್ತಿದರೆ ಎಂಜಲು." ಗೌಡರು ಒಪ್ಪಲಿಲ್ಲ, ಗೊಣಗಿಕೊಂಡು ಹೋದರು. ಸರದಿ ಮಾತ್ರ ನಿಲ್ಲಲಿಲ್ಲ.

6

ನಮ್ಮ ಪ್ರಶ್ನೆಗೆ ಉತ್ತರ ಆ ಮೇಷ್ಟ್ರ ಮಾತಿನಲ್ಲೇ ಇದೆ ಅಂತ ನಮಗೆ ಅನ್ನಿಸುತ್ತೆ. ಬಿಸಾಡೋದು ಬರೀ ಪರಿಸರದ ಸಮಸ್ಯೆ ಅಲ್ಲ. ಬಿಸಾಡಬೇಕಾದರೆ, ಎತ್ತಲಿಕ್ಕೆ ಒಬ್ಬ ಇದ್ದಾನೆ ಅನ್ನೋ ಭರವಸೆ ಇರಬೇಕು. ಆ ಭರವಸೆಯನ್ನು ಈ ದೇಶಕ್ಕೆ ಕೊಟ್ಟದ್ದು ಜಾತಿ. ಬೇರೆ ದೇಶಗಳಲ್ಲೂ ಬಿಸಾಡ್ತಾರೆ, ಅಲ್ಲೂ ಬಡವನೇ ಎತ್ತುತ್ತಾನೆ. ಆದರೆ ಎತ್ತೋನು ಯಾರು ಅಂತ ಹುಟ್ಟೋ ಮೊದಲೇ ಗೊತ್ತುಮಾಡಿ ಇಟ್ಟಿರೋದು ನಮ್ಮಲ್ಲಿ.

ಹಾಗಾದರೆ ಹಿರಿಯರ ಮಾತಿಗೆ ಏನು ಹೇಳೋಣ? ಕಾಗದದ ಲೋಟ ಮರ್ಯಾದೆ ತಂದುಕೊಟ್ಟಿತು ಅಂದರಲ್ಲ. ನಾವು ಹೇಳೋದು ಇಷ್ಟು. ಅದು ನಿಮ್ಮ ಅವಮಾನವನ್ನು ನಿಲ್ಲಿಸಿತು ಅಣ್ಣ, ಸರಿ. ಆದರೆ ನಿಮ್ಮ ತಂಗಿಯ ಪೊರಕೆಗೆ ಹಾಕಿತು. ನಮಗೆ ಬೇಕಾದದ್ದು ಬೇರೆ ಲೋಟ ಅಲ್ಲ, ಹೊಸ ಲೋಟವೂ ಅಲ್ಲ. ಅದೇ ಲೋಟ. ಗೌಡರು ಕುಡಿದದ್ದು, ಬಿಸಿನೀರಿನಲ್ಲಿ ತೊಳೆದದ್ದು, ಆಮೇಲೆ ನಾವು ಕುಡಿಯೋದು, ಮತ್ತೆ ತೊಳೆದು ಗೌಡರಿಗೇ ಕೊಡೋದು. ತೊಳೆಯೋದಕ್ಕೆ ಹೆದರಬೇಕಾಗಿಲ್ಲ. ನೈರ್ಮಲ್ಯ ಬೇರೆ, ಮಡಿ ಬೇರೆ. ನೈರ್ಮಲ್ಯ ಕೇಳೋದು 'ಹೇಗೆ ತೊಳೆದೆ?' ಅಂತ. ಮಡಿ ಕೇಳೋದು 'ಯಾರು ಕುಡಿದರು?' ಅಂತ. ಮೊದಲನೆಯದಕ್ಕೆ ಸೋಪು, ಬಿಸಿನೀರು ಸಾಕು. ಎರಡನೆಯದಕ್ಕೆ ಹೇಮಾವತಿ ಪೂರ್ತಿ ಹರಿದರೂ ಸಾಲದು.

ಟೀ ಅಂಗಡಿಯವನು ಬಡವ, ತೊಳೆಯೋಕೆ ಆಳಿಲ್ಲ, ಬೇಸಿಗೆಯಲ್ಲಿ ನೀರಿಲ್ಲ ಅನ್ನುತ್ತಾರೆ. ನಿಜವೇ. ಅದಕ್ಕೇ ಬರೀ ಅವನ ಮೇಲೆ ಹರಿಹಾಯಬೇಡಿ ಅನ್ನೋದು. ಅಂಗಡಿ ಸಾಲಿಗೆ ಪಂಚಾಯ್ತಿ ಒಂದು ನಲ್ಲಿ ಕೊಡಲಿ. ಕುಡಿದೋನು, ಯಾವ ಜಾತಿಯೋನೇ ಆಗಲಿ, ತನ್ನ ಲೋಟ ತಾನೇ ತೊಳೆದಿಡಲಿ. ಒಬ್ಬನೇ ತೊಳೆದರೆ ಅವಮಾನ, ಎಲ್ಲರೂ ತೊಳೆದರೆ ಮರ್ಯಾದೆ. ಬಾಟಲಿ ಮಾಡಿದ ಕಂಪನಿ ತನ್ನ ಬಾಟಲಿಯನ್ನು ತಾನೇ ವಾಪಸ್ಸು ಒಯ್ಯಲಿ, ಡೆಪಾಸಿಟ್ಟು ಇಟ್ಟು ಒಯ್ಯಲಿ. ಅಲ್ಲೀತನಕ ಹೆಕ್ಕುವವರನ್ನು ಕಾರ್ಮಿಕರು ಅಂತ ಒಪ್ಪಿ ಕೂಲಿ, ಗ್ಲೌಸು, ಆಸ್ಪತ್ರೆಯ ಖರ್ಚು ಕೊಡಲಿ. ಅವರ ಮಕ್ಕಳ ಕೈಯಲ್ಲಿ ಚೀಲದ ಬದಲು ಪುಸ್ತಕ ಇರಲಿ.

ಪರಿಸರದ ಗೆಳೆಯರಿಗೂ ಒಂದು ಮಾತು. ಕರಟಕ್ಕೆ ಪಾಲಿಶ್ ಹಾಕಿ ಪೇಟೆಯ ಅಂಗಡಿಯಲ್ಲಿ ನೂರಾರು ರೂಪಾಯಿಗೆ ಮಾರುವುದನ್ನು ನಾವು ನೋಡಿದ್ದೀವಿ. ಮಾರಿಕೊಳ್ಳಿ. ಕರಟದ್ದೇನು ತಪ್ಪಿಲ್ಲ. ಆದರೆ ಅದನ್ನು 'ನಮ್ಮ ಹಿರಿಯರ ಸಂಸ್ಕೃತಿ' ಅಂತ ಹೇಳೋ ಮುಂಚೆ, ಯಾರ ಹಿರಿಯರು ಅದನ್ನು ಹಿಡಿದಿದ್ದರು, ಯಾರ ಹಿರಿಯರು ಮೇಲಿಂದ ಹುಯ್ಯುತ್ತಿದ್ದರು ಅಂತ ಒಂದು ಸಲ ಕೇಳಿ. ಅಷ್ಟು ಕೇಳಿದರೆ ನಾವೂ ನಿಮ್ಮ ಜೊತೆಗೇ ಇದ್ದೀವಿ.

ಆ ಜಯಂತಿಯ ಮುಂದಿನ ವರ್ಷ ನಾವು ಏನೂ ದೊಡ್ಡ ಕ್ರಾಂತಿ ಮಾಡಲಿಲ್ಲ. ಮದುವೆ ಛತ್ರವೊಂದರಿಂದ ಸ್ಟೀಲು ಲೋಟ ಬಾಡಿಗೆಗೆ ತಂದೆವು. ಡ್ರಮ್ಮಿನಲ್ಲಿ ನೀರು ಇಟ್ಟೆವು. ಭಾಷಣ ಮಾಡಿದವರು, ಹಾರ ಹಾಕಿಸಿಕೊಂಡವರು, ನಾವು, ಸರದಿ ಮೇಲೆ ಲೋಟ ತೊಳೆದೆವು. ನಡುವೆ ನೀರು ಮುಗಿಯಿತು, ಗಲಾಟೆ ಆಯಿತು, ನಲವತ್ತು ಲೋಟ ಕಳೆದುಹೋಗಿ ಛತ್ರದವರಿಗೆ ದಂಡ ಕಟ್ಟಿದೆವು. ಮಾರನೇ ದಿನ ಬೆಳಗ್ಗೆ ಆ ತಾಯಿ ಪೊರಕೆ ಹಿಡಿದು ಬಂದಳು. ರಸ್ತೆ ನೋಡಿದಳು. ಹೂವಿನ ಎಸಳು ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

"ಇವತ್ತು ಬೇಗ ಮನೆಗೆ ಹೋಗ್ತೀನಿ ಕಣ್ರಪ್ಪ" ಅಂದಳು.

ಅಷ್ಟೇ. ಗೆಳೆಯರೇ, ನಿಮ್ಮ ಊರಿನಲ್ಲಿ, ನಿಮ್ಮ ಶಾಲೆಯಲ್ಲಿ, ನಿಮ್ಮ ಸಂಘದ ಸಭೆಯಲ್ಲಿ ಕುಡಿದ ಲೋಟವನ್ನು ಕೆಳಗೆ ಇಡೋ ಮೊದಲು ಒಂದು ಗಳಿಗೆ ನಿಲ್ಲಿ. ಇದನ್ನು ಎತ್ತೋ ಕೈ ಯಾರದು ಅಂತ ನಿಮಗೆ ಮೊದಲೇ ಗೊತ್ತಿದ್ದರೆ, ನಮ್ಮ ಕೆಲಸ ಇನ್ನೂ ಮುಗಿದಿಲ್ಲ ಅಂತ ಅರ್ಥ.